ಮೈಲುತುತ್ತು, ಸುಣ್ಣ, ಆಸಿಡ್: ದ್ರಾವಣಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಹತ್ತಿರ ಬಂತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರಿನ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ಬಿಡುವ ಸಿದ್ಧತೆ ಆರಂಭವಾಗುತ್ತದೆ. ತೋಟದವರು ಆಗ ಕೇಳುವ ಪ್ರಶ್ನೆಗಳಿಗೂ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳು ರಸಾಯನಶಾಸ್ತ್ರದ ಪಾಠದಲ್ಲಿ ಕೇಳುವ ಪ್ರಶ್ನೆಗಳಿಗೂ ಉತ್ತರ ಬಹುಪಾಲು ಒಂದೇ ಆಗಿರುವುದರಿಂದ ಎರಡನ್ನೂ ಇಲ್ಲಿ ಒಟ್ಟಿಗೆ ಕೊಡಲಾಗಿದೆ. ಒಂದು ದ್ರವದಲ್ಲಿ ಪದಾರ್ಥ ಎಷ್ಟಿದೆ ಎಂಬುದು (ಸಾರತೆ) ಒಂದು ವಿಚಾರ, ಆ ದ್ರವ ಎಷ್ಟು ಆಮ್ಲೀಯ ಅಥವಾ ಎಷ್ಟು ಕ್ಷಾರೀಯ ಎಂಬುದು ಇನ್ನೊಂದು ವಿಚಾರ. ಈ ಎರಡನ್ನು ಬೆರೆಸಿ ನೋಡುವುದರಿಂದಲೇ ಹೆಚ್ಚಿನ ಗೊಂದಲಗಳು ಹುಟ್ಟುತ್ತವೆ.

ಬೋರ್ಡೋ ದ್ರಾವಣ ನಿಜವಾಗಿ ದ್ರಾವಣವೇ?

ರಸಾಯನಶಾಸ್ತ್ರದ ಪ್ರಕಾರ ಅಲ್ಲ. ಕರಗಿದ ಪದಾರ್ಥದ ಕಣಗಳು ಅಣು ಅಥವಾ ಅಯಾನುಗಳಷ್ಟು (ವಿದ್ಯುದಂಶ ಹೊತ್ತ ಕಣಗಳಷ್ಟು) ಸೂಕ್ಷ್ಮವಾಗಿದ್ದು, ದ್ರಾವಕದ ತುಂಬೆಲ್ಲ ಸಮವಾಗಿ ಹರಡಿ, ಎಷ್ಟು ಹೊತ್ತು ಇಟ್ಟರೂ ತಳಕ್ಕಿಳಿಯದೆ, ಸೋಸಿದರೂ ಬೇರ್ಪಡದೆ ಇದ್ದರೆ ಮಾತ್ರ ಅದು ದ್ರಾವಣ. ಮೈಲುತುತ್ತನ್ನು ನೀರಿನಲ್ಲಿ ಕದಡಿದಾಗ ಸಿಗುವ ನೀಲಿ ದ್ರವ ಈ ಅರ್ಥದಲ್ಲಿ ನಿಜವಾದ ದ್ರಾವಣ. 100 ಮಿಲಿಲೀಟರ್ ತಣ್ಣೀರಿನಲ್ಲಿ 30 ಗ್ರಾಂಗೂ ಹೆಚ್ಚು ಮೈಲುತುತ್ತು ಕರಗಬಲ್ಲದು. ಸುಣ್ಣದ ಸ್ವಭಾವ ಹಾಗಲ್ಲ. ಒಂದು ಲೀಟರ್ ನೀರಿನಲ್ಲಿ ಕರಗುವುದು 1.7 ಗ್ರಾಂನ ಆಸುಪಾಸು ಮಾತ್ರ. ನೀರು ಬಿಸಿಯಾದರೆ ಅದಕ್ಕಿಂತಲೂ ಕಡಿಮೆ. ಆದ್ದರಿಂದ 50 ಲೀಟರ್ ನೀರಿಗೆ 1 ಕಿಲೋ ಸುಣ್ಣ ಹಾಕಿದಾಗ ಕರಗುವುದು ಸುಮಾರು 85 ಗ್ರಾಂ, ಉಳಿದ 900 ಗ್ರಾಂಗೂ ಮಿಕ್ಕಿದ ಸುಣ್ಣ ಸಣ್ಣ ಕಣಗಳಾಗಿ ತೇಲಾಡುತ್ತದೆ. ಇಂಥದ್ದನ್ನು ನಿಲಂಬನ ಎನ್ನುತ್ತಾರೆ. ಎರಡನ್ನೂ ಬೆರೆಸಿದ ಮೇಲೆ ಸಿಗುವ ಆಕಾಶನೀಲಿ ಬಣ್ಣದ ಮದ್ದು ಕೂಡ ನಿಲಂಬನವೇ.

ಈ ವ್ಯತ್ಯಾಸ ಪುಸ್ತಕಕ್ಕಷ್ಟೇ ಸೀಮಿತವಾದುದಲ್ಲ. ಡ್ರಮ್ಮಿನಲ್ಲಿರುವ ಮದ್ದನ್ನು ಕದಡದೆ ಬಿಟ್ಟರೆ ಕಣಗಳು ಅಡಿಗಿಳಿದು, ಮೊದಲ ಮರಗಳಿಗೆ ಹೆಚ್ಚೂ ಕೊನೆಯ ಮರಗಳಿಗೆ ಕಡಿಮೆಯೋ, ಅಥವಾ ಪೈಪು ಎಲ್ಲಿಂದ ಹೀರುತ್ತದೆ ಎಂಬುದರ ಮೇಲೆ ಅದಕ್ಕೆ ವಿರುದ್ಧವಾಗಿಯೋ ತಾಮ್ರ ಬೀಳುತ್ತದೆ. ಸುಣ್ಣದ ಹಾಲನ್ನು ಬಟ್ಟೆಯಲ್ಲಿ ಸೋಸಿಯೇ ಬಳಸಬೇಕೆನ್ನುವುದೂ ಇದೇ ಕಾರಣಕ್ಕೆ. ಕರಗದ ಹರಳು ನಾಜಲ್ಲಿನಲ್ಲಿ ಸಿಕ್ಕಿಕೊಂಡರೆ ಮರದ ಮೇಲಿರುವವರ ಅರ್ಧ ದಿನ ಹಾಳು.

ಶೇಕಡಾ 1ರ ಬೋರ್ಡೋ ಎಂದರೆ ಯಾವುದರ ಶೇಕಡಾ 1?

ಒಟ್ಟು 100 ಲೀಟರ್ ಮದ್ದಿನಲ್ಲಿ 1 ಕಿಲೋ ಮೈಲುತುತ್ತು ಎಂದರ್ಥ. ಇದು ತೂಕ ಮತ್ತು ಗಾತ್ರದ ನಡುವಿನ ಶೇಕಡಾವಾರು: 100 ಮಿಲಿಲೀಟರಿನಲ್ಲಿ 1 ಗ್ರಾಂ. ಇದರಲ್ಲಿ ಸುಣ್ಣದ ತೂಕ ಸೇರುವುದಿಲ್ಲ, ತಾಮ್ರದ ತೂಕವೂ ಇದಲ್ಲ. ಮೈಲುತುತ್ತಿನ ಹರಳಿನಲ್ಲಿ ಒಂದು ತಾಮ್ರದ ಸಲ್ಫೇಟಿನೊಂದಿಗೆ 5 ನೀರಿನ ಅಣುಗಳು ಸೇರಿಕೊಂಡಿರುತ್ತವೆ. ಒಂದು ಕಿಲೋ ಹರಳಿನಲ್ಲಿ ಸುಮಾರು 360 ಗ್ರಾಂ ನೀರು, ಸುಮಾರು 255 ಗ್ರಾಂ ತಾಮ್ರ. ಆದ್ದರಿಂದ ಶೇಕಡಾ 1ರ ಬೋರ್ಡೋದಲ್ಲಿ ನಿಜವಾದ ತಾಮ್ರದ ಪ್ರಮಾಣ ಶೇಕಡಾ 0.25ರಷ್ಟು. ಹರಳನ್ನು ಬಿಸಿ ಮಾಡಿ ನೀರು ಹೋಗಿಸಿದರೆ ನೀಲಿ ಬಣ್ಣ ಮಾಯವಾಗಿ ಬಿಳಿ ಪುಡಿ ಉಳಿಯುವುದನ್ನು ಶಾಲೆಯ ಪ್ರಯೋಗದಲ್ಲಿ ನೋಡಬಹುದು.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ತಕ್ಕಡಿಯಲ್ಲಿ ಅಲ್ಲ, ನೀರಿನಲ್ಲಿ. ಮೈಲುತುತ್ತು ಅಂಗಡಿಯಿಂದ ತೂಗಿಸಿಕೊಂಡೇ ಬರುತ್ತದೆ, ಡ್ರಮ್ಮು ಮಾತ್ರ ಅಂದಾಜಿಗೆ ತುಂಬುತ್ತದೆ. 200 ಲೀಟರಿನದೆಂದು ಹೇಳುವ ಡ್ರಮ್ಮನ್ನು ಕಂಠದವರೆಗೆ ತುಂಬಿದಾಗ 220 ಲೀಟರ್ ಹಿಡಿದರೆ 2 ಕಿಲೋ ಮೈಲುತುತ್ತಿಗೆ ಸಾರತೆ ಶೇಕಡಾ 0.9ಕ್ಕೆ ಇಳಿಯುತ್ತದೆ. ಅಳತೆ ಗೊತ್ತಿರುವ ಕೊಡದಿಂದ ಒಮ್ಮೆ ತುಂಬಿ ನೋಡಿ, 100 ಮತ್ತು 200 ಲೀಟರಿನ ಗೆರೆಗಳನ್ನು ಡ್ರಮ್ಮಿನ ಹೊರಮೈಗೆ ಪೇಂಟಿನಲ್ಲಿ ಎಳೆದಿಟ್ಟರೆ ಆ ಕೆಲಸ ಎಂದೆಂದಿಗೂ ಮುಗಿಯಿತು.

ಪಾಠಪುಸ್ತಕದಲ್ಲಿ ಮೋಲಾರಿಟಿ ಎನ್ನುತ್ತಾರೆ, ನೀರಿನ ವರದಿಯಲ್ಲಿ ಪಿಪಿಎಂ ಎನ್ನುತ್ತಾರೆ. ಇವೆಲ್ಲ ಬೇರೆ ಬೇರೆಯೇ?

ಎಲ್ಲವೂ ಸಾರತೆಯನ್ನೇ ಹೇಳುವ ಬೇರೆ ಬೇರೆ ಮಾನಗಳು. ಮೋಲಾರಿಟಿ ಎಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ (ಕಣಗಳ ನಿಶ್ಚಿತ ಎಣಿಕೆಯ ಗುಂಪು) ಪದಾರ್ಥ ಕರಗಿದೆ ಎಂಬ ಲೆಕ್ಕ. ಮೈಲುತುತ್ತಿನ ಒಂದು ಮೋಲ್ ಎಂದರೆ 249.5 ಗ್ರಾಂ, ಶೇಕಡಾ 1ರ ದ್ರಾವಣದ ಒಂದು ಲೀಟರಿನಲ್ಲಿ 10 ಗ್ರಾಂ ಇರುವುದರಿಂದ ಅದರ ಮೋಲಾರಿಟಿ 0.04. ಯಾವ ಪದಾರ್ಥದ ಎಷ್ಟು ಕಣಗಳು ಯಾವುದರ ಎಷ್ಟು ಕಣಗಳೊಡನೆ ಕೂಡುತ್ತವೆ ಎಂದು ತಿಳಿಯಬೇಕಾದಾಗ ಮೋಲ್ ಲೆಕ್ಕವೇ ಬೇಕು, ಗ್ರಾಂ ಸಾಲದು.

ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ತೆಳುವಾದ ನೀರಿನ ದ್ರಾವಣಕ್ಕೆ ಅದು ಲೀಟರಿಗೆ ಒಂದು ಮಿಲಿಗ್ರಾಂ ಎನ್ನಲು ಅಡ್ಡಿಯಿಲ್ಲ. ಬೋರ್ಡೋದಲ್ಲಿ ತಾಮ್ರ 2,500 ಪಿಪಿಎಂನಷ್ಟಿದ್ದರೆ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಬೇಕಾದ ಕ್ಲೋರಿನ್ ಒಂದು ಪಿಪಿಎಂಗೂ ಕಡಿಮೆ. ಅಲ್ಲಿ ರೂಢಿಯಲ್ಲಿರುವ ಲೆಕ್ಕ, 1,000 ಲೀಟರ್ ನೀರಿಗೆ ಒಳ್ಳೆಯ ಗುಣಮಟ್ಟದ 2.5 ಗ್ರಾಂ ಪೌಡರ್. 2 ಮೀಟರ್ ಅಡ್ಡಳತೆಯ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ಬೇಕಾದ ಪೌಡರ್ 23ರಿಂದ 24 ಗ್ರಾಂ. ಬಾಯಿ ತೆರೆದಿಟ್ಟ ಹಳೆಯ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದಕ್ಕೆ ಈ ಲೆಕ್ಕ ಹೊಂದದು.

ಮೈಲುತುತ್ತಿನ ನೀರನ್ನೇ ನೇರವಾಗಿ ಸಿಂಪಡಿಸಬಾರದೇಕೆ? ಸುಣ್ಣ ಯಾಕೆ ಬೇಕು?

ಎರಡು ಕಾರಣಗಳಿವೆ. ಮೈಲುತುತ್ತಿನ ದ್ರಾವಣದಲ್ಲಿ ತಾಮ್ರದ ಅಯಾನುಗಳು ಪೂರ್ತಿ ಬಿಡಿಯಾಗಿರುತ್ತವೆ. ಅವು ಶಿಲೀಂಧ್ರದಂಥ ರೋಗಾಣುವನ್ನು ಕೊಲ್ಲುವಂತೆಯೇ ಹಿಂಗಾರ, ಎಳೆಯ ಕಾಯಿಗಳನ್ನೂ ಸುಡುತ್ತವೆ. ಜತೆಗೆ ಮೈಲುತುತ್ತು ಬಲವಾದ ಆಮ್ಲವೊಂದು ದುರ್ಬಲ ಪ್ರತ್ಯಾಮ್ಲದೊಂದಿಗೆ (ಆಮ್ಲವನ್ನು ತಟಸ್ಥಗೊಳಿಸುವ ಪದಾರ್ಥದೊಂದಿಗೆ) ಸೇರಿ ಆದ ಲವಣವಾದುದರಿಂದ ಅದರ ದ್ರಾವಣ ಸ್ವತಃ ಆಮ್ಲೀಯ. ಆಮ್ಲೀಯತೆಯ ಅಳತೆಯಾದ ಪಿಎಚ್ (7ಕ್ಕಿಂತ ಕೆಳಗಾದರೆ ಆಮ್ಲೀಯ) ಸುಮಾರು 4. ಲವಣವೆಂದರೆ ತಟಸ್ಥ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಡುಗೆ ಉಪ್ಪು ತಟಸ್ಥ, ಮೈಲುತುತ್ತು ಆಮ್ಲೀಯ, ವಾಷಿಂಗ್ ಸೋಡ ಕ್ಷಾರೀಯ, ಮೂರೂ ಲವಣಗಳೇ.

ಸುಣ್ಣ ಪ್ರತ್ಯಾಮ್ಲ. ಅದು ಆಮ್ಲೀಯತೆಯನ್ನು ತಟಸ್ಥಗೊಳಿಸುವುದರೊಂದಿಗೆ ತಾಮ್ರವನ್ನು ಹೈಡ್ರಾಕ್ಸೈಡ್ ಮತ್ತು ಕ್ಷಾರೀಯ ಸಲ್ಫೇಟುಗಳ ರೂಪದಲ್ಲಿ ಕರಗದ ಕಣಗಳನ್ನಾಗಿ ಮಾಡುತ್ತದೆ; ಸಲ್ಫೇಟಿನ ಪಾಲು ಕ್ಯಾಲ್ಸಿಯಂ ಜತೆ ಸೇರಿ ಜಿಪ್ಸಂ ಆಗುತ್ತದೆ. ಕಾಯಿಯ ಮೇಲೆ ಒಣಗಿ ಪದರವಾಗಿ ಅಂಟಿದ ಆ ಕಣಗಳಿಂದ, ಮಳೆನೀರು ಬಿದ್ದಾಗಲೆಲ್ಲ ತಾಮ್ರ ತೀರಾ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ರೋಗಾಣುವಿಗೆ ಅಷ್ಟು ಸಾಕು, ಕಾಯಿಗೆ ಅದರಿಂದ ಹಾನಿಯಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ ಸಿಂಪಡಿಸಬೇಕೆಂದು ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು ಮಾಡುವುದಕ್ಕೆ ಈ ಪದರದ ಬಾಳಿಕೆಯೇ ಆಧಾರ.

ಈ ಮದ್ದಿನ ಮೂಲ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳು. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು–ಸುಣ್ಣ ಬಳಿದಿದ್ದರು. ಆ ಬಳ್ಳಿಗಳಿಗೆ ರೋಗ ತಗಲದ್ದನ್ನು 1882ರಲ್ಲಿ ಗಮನಿಸಿದ ಪ್ರಾಧ್ಯಾಪಕ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ಕಡೆ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವಿವರಿಸಿದರು. ಕಳ್ಳರನ್ನು ಹೆದರಿಸಲು ಹುಟ್ಟಿದ ಮದ್ದು ಎಂದರೆ ಇಂದಿಗೂ ನಗು ಬರುತ್ತದೆ.

ಲೆಕ್ಕ ಹಾಕಿದರೆ 300 ಗ್ರಾಂ ಸುಣ್ಣ ಸಾಕಲ್ಲ? 1 ಕಿಲೋ ಹಾಕಬೇಕೆನ್ನುವುದು ಏಕೆ?

ಲೆಕ್ಕ ಸರಿಯಾಗಿಯೇ ಇದೆ. 249.5 ಗ್ರಾಂ ಮೈಲುತುತ್ತಿಗೆ 74 ಗ್ರಾಂ ಅರಳಿದ (ನೀರು ಹಾಕಿ ಪುಡಿಯಾದ) ಸುಣ್ಣ ಸಾಕು. 1 ಕಿಲೋ ಮೈಲುತುತ್ತಿಗೆ ಅದು 300 ಗ್ರಾಂಗಿಂತ ತುಸು ಕಡಿಮೆಯೇ ಆಗುತ್ತದೆ. ಅರಳದ ಸುಣ್ಣವಾದರೆ 225 ಗ್ರಾಂ. ಆದರೆ ಈ ಲೆಕ್ಕ ಶುದ್ಧ ಸುಣ್ಣದ್ದು. ಚಿಪ್ಪು ಸುಟ್ಟು ಮಾಡಿದ ಸುಣ್ಣವಿರಲಿ, ಕಲ್ಲಿನದಿರಲಿ, ಸರಿಯಾಗಿ ಬೇಯದ ಭಾಗ, ಮರಳು, ಬೂದಿ ಅದರಲ್ಲಿ ಇದ್ದೇ ಇರುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ಗಾಳಿ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ರಮೇಣ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸುಡುವ ಮೊದಲು ಚಿಪ್ಪು ಯಾವ ಪದಾರ್ಥವಾಗಿತ್ತೋ ಪುನಃ ಅದೇ. ಕಳೆದ ವರ್ಷದ ಗೋಣಿಯಲ್ಲಿ ಉಳಿದ ಸುಣ್ಣ ನೋಡಲು ಬೆಳ್ಳಗಿದ್ದರೂ ಮದ್ದಿಗೆ ಅದು ಹೆಚ್ಚುಕಡಿಮೆ ಸತ್ತ ಸುಣ್ಣ. ಪರೀಕ್ಷೆ ಸುಲಭ: ಒಂದು ಚಿಟಿಕೆ ಸುಣ್ಣಕ್ಕೆ ವಿನೆಗರ್ ಅಥವಾ ಲಿಂಬೆರಸ ಹಿಂಡಿದಾಗ ಬುಸುಬುಸು ನೊರೆ ಎದ್ದರೆ ಅದರಲ್ಲಿ ಕಾರ್ಬೊನೇಟ್ ಬಹಳವಿದೆ. ಹೊಸ ಸುಣ್ಣ ಸದ್ದಿಲ್ಲದೆ ಕರಗುತ್ತದೆ.

ಇನ್ನು, ಹೆಚ್ಚಾದ ಸುಣ್ಣದಿಂದ ಮದ್ದು ಸಿಕ್ಕಾಪಟ್ಟೆ ಕ್ಷಾರೀಯವಾಗುವುದೆಂಬ ಭಯ ಬೇಡ. ಸುಣ್ಣ ಕರಗುವುದೇ ಅಲ್ಪವಾದುದರಿಂದ ಎಷ್ಟು ಸುರಿದರೂ ಪಿಎಚ್ ಸುಮಾರು 12.4ರ ಮೇಲೆ ಹೋಗದು, ಮಿಕ್ಕದ್ದು ಘನವಾಗಿಯೇ ಉಳಿಯುತ್ತದೆ. ಸುಣ್ಣ ಕಡಿಮೆಯಾದರೆ ಮಾತ್ರ ನಷ್ಟ ಖಂಡಿತ.

ಯಾವುದಕ್ಕೆ ಯಾವುದನ್ನು ಹೊಯ್ಯಬೇಕು?

ಸುಣ್ಣದ ಹಾಲಿಗೆ ಮೈಲುತುತ್ತಿನ ನೀರನ್ನು, ಕೋಲಿನಿಂದ ಕದಡುತ್ತಾ, ನಿಧಾನವಾಗಿ. ತಲಾ 50 ಲೀಟರಿನಲ್ಲಿ ಪ್ರತ್ಯೇಕವಾಗಿ ತಯಾರಿಸಿಕೊಂಡು ಸೇರಿಸಬೇಕು. ಹೀಗೆ ಮಾಡಿದಾಗ ಮಿಶ್ರಣ ಮೊದಲಿನಿಂದ ಕೊನೆಯವರೆಗೂ ಕ್ಷಾರೀಯವಾಗಿಯೇ ಇದ್ದು, ಬಹಳ ನುಣುಪಾದ, ಬೇಗ ಕೆಳಗಿಳಿಯದ ಕಣಗಳು ಹುಟ್ಟುತ್ತವೆ. ತಿರುಗುಮುರುಗಾದರೆ ಆರಂಭದಲ್ಲಿ ತಾಮ್ರವೇ ಹೆಚ್ಚಿದ್ದು, ಹಸಿರು ಛಾಯೆಯ ದೊರಗು ಕಣಗಳಾಗಿ ಬೇಗನೆ ತಳ ಸೇರುತ್ತವೆ. ಪದಾರ್ಥ ಅವೇ, ತೂಕ ಅವೇ, ಫಲ ಬೇರೆ. ಸುಣ್ಣ ಅರಳಿಸಿದ ಬಿಸಿ ಪೂರ್ತಿ ಆರಿದ ಮೇಲೆಯೇ ಬೆರೆಸಬೇಕೆಂಬುದನ್ನೂ ಮರೆಯಬಾರದು, ಏಕೆಂದರೆ ಬಿಸಿಯಲ್ಲಿ ತಾಮ್ರದ ಹೈಡ್ರಾಕ್ಸೈಡ್ ಒಡೆದು ಕಪ್ಪು ತಾಮ್ರದ ಆಕ್ಸೈಡ್ ಆಗಿಬಿಡುತ್ತದೆ.

ಕತ್ತಿ ಅದ್ದಿ ನೋಡುವ ಪರೀಕ್ಷೆಯಲ್ಲಿ ಏನಾಗುತ್ತದೆ? ಕಬ್ಬಿಣದ ಪಾತ್ರೆ ಏಕೆ ಬೇಡ?

ಎರಡಕ್ಕೂ ಕಾರಣ ಒಂದೇ ಕ್ರಿಯೆ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ ಲೋಹ. ಕರಗಿದ ತಾಮ್ರ ಸಿಕ್ಕಿದರೆ ತಾನು ಕರಗಿ ತಾಮ್ರವನ್ನು ಹೊರದಬ್ಬುತ್ತದೆ. ಮಸೆದು ಹೊಳಪು ಬಂದ, ಎಣ್ಣೆ ಜಿಡ್ಡಿಲ್ಲದ ಕತ್ತಿಯ ಅಲಗನ್ನು ಮದ್ದಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು ಬೆಳಕಿಗೆ ಹಿಡಿಯಿರಿ. ಅಲಗಿನ ಅಂಚಿನಲ್ಲಿ ಕೆಂಪಗಿನ, ಹೊಳಪಿಲ್ಲದ, ಇಟ್ಟಿಗೆ ಬಣ್ಣದ ತೆಳು ಲೇಪ ಕಂಡರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು ಎಂದು ಅರ್ಥ. ಸ್ವಲ್ಪ ಸುಣ್ಣದ ಹಾಲು ಸೇರಿಸಿ, ಕದಡಿ, ಅಲಗನ್ನು ಮತ್ತೆ ಉಜ್ಜಿ ಪರೀಕ್ಷಿಸಬೇಕು. ಸ್ಟೈನ್‌ಲೆಸ್ ಸ್ಟೀಲಿನ ಚಾಕು ಈ ಕೆಲಸಕ್ಕೆ ಒದಗದು. ಅದರ ಮೇಲಿನ ಆಕ್ಸೈಡ್ ಪದರ ಕ್ರಿಯೆಗೆ ಅಡ್ಡ ಬರುತ್ತದೆ. ಕಬ್ಬಿಣದ ಕೊಪ್ಪರಿಗೆಯಲ್ಲಿ ಮೈಲುತುತ್ತು ಕರಗಿಸಿದರೆ ಮದ್ದಿಗೆ ಸೇರಬೇಕಾದ ತಾಮ್ರ ಕೊಪ್ಪರಿಗೆಗೆ ಅಂಟಿ, ಕೊಪ್ಪರಿಗೆಯೂ ತೂತಾಗುತ್ತದೆ.

ಪಿಎಚ್ ಎಂದರೇನು? ಮನೆಯಲ್ಲೇ ನೋಡಬಹುದೇ?

ದ್ರಾವಣದಲ್ಲಿರುವ ಹೈಡ್ರೋಜನ್ ಅಯಾನುಗಳ ಸಾರತೆಯನ್ನು ಹೇಳುವ ಅಂಕಿಯೇ ಪಿಎಚ್. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸನ್ 1909ರಲ್ಲಿ ಇದನ್ನು ಬಳಕೆಗೆ ತಂದರು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಪಿಎಚ್ 7. ಅದಕ್ಕಿಂತ ಕೆಳಗೆ ಆಮ್ಲೀಯ, ಮೇಲೆ ಕ್ಷಾರೀಯ. ಇದು ಲಾಗರಿತಮ್ ಅಳತೆಯಾದುದರಿಂದ ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನುಗಳು 10 ಪಟ್ಟು ಏರುತ್ತವೆ. ಪಿಎಚ್ 4ರ ಮೈಲುತುತ್ತಿನ ನೀರು ಪಿಎಚ್ 7ರ ನೀರಿಗಿಂತ 1,000 ಪಟ್ಟು ಆಮ್ಲೀಯ.

ನೀಲಿ ಲಿಟ್ಮಸ್ ಕಾಗದ ಅಗ್ಗವಾಗಿ ಸಿಗುತ್ತದೆ. ಸರಿಯಾಗಿ ತಯಾರಾದ ಬೋರ್ಡೋ ಅದನ್ನು ಕೆಂಪಾಗಿಸಬಾರದು. ಅರಸಿನ ಬಳಿದು ಒಣಗಿಸಿದ ಕಾಗದ ಸುಣ್ಣ ತಾಗಿದಾಗ ಕೆಂಪಾಗುತ್ತದೆ, ಆದರೆ ಆಮ್ಲಕ್ಕೂ ತಟಸ್ಥ ನೀರಿಗೂ ಹಳದಿಯಾಗಿಯೇ ಇರುತ್ತದೆ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಹಿಂಡಿದ ರಸವೇ ಮೇಲು: ಆಮ್ಲದಲ್ಲಿ ಗಾಢ ಗುಲಾಬಿ, ಕ್ಷಾರದಲ್ಲಿ ಹಸಿರು.

ರಬ್ಬರಿಗೆ ಹಾಕುವ ಫಾರ್ಮಿಕ್ ಆಸಿಡನ್ನು ದುರ್ಬಲ ಆಮ್ಲ ಎನ್ನುತ್ತಾರೆ. ಮತ್ತೆ ಅದು ಕೈ ಸುಡುವುದೇಕೆ?

ಈ ಪುಟದಲ್ಲಿ ಬಹಳ ಮುಖ್ಯವಾದ ಪ್ರಶ್ನೆ ಇದೇ. ಆಮ್ಲದ ಬಲ ಎಂದರೆ ನೀರಿನಲ್ಲಿ ಅದರ ಅಣುಗಳಲ್ಲಿ ಎಷ್ಟು ಪಾಲು ಒಡೆದು ಹೈಡ್ರೋಜನ್ ಅಯಾನು ಕೊಡುತ್ತವೆ ಎಂಬುದು. ಅದು ಆ ಆಮ್ಲದ ಸ್ವಭಾವ, ನಾವು ಬದಲಿಸಲಾಗದ್ದು. ಸಾರತೆ ಎಂದರೆ ಬಾಟಲಿಯಲ್ಲಿ ಆಮ್ಲ ಎಷ್ಟಿದೆ ಎಂಬುದು. ಅದು ನೀರು ಸೇರಿಸುವವರ ಕೈಯಲ್ಲಿದೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎಲ್ಲ ಅಣುಗಳೂ ಒಡೆದು ಪಿಎಚ್ 1 ಆಗುತ್ತದೆ. ಅಷ್ಟೇ ಸಾರತೆಯ ಫಾರ್ಮಿಕ್ ಆಮ್ಲದಲ್ಲಿ ನೂರಕ್ಕೆ ನಾಲ್ಕರಷ್ಟು ಮಾತ್ರ ಒಡೆದು ಪಿಎಚ್ 2.4ರ ಹತ್ತಿರ ನಿಲ್ಲುತ್ತದೆ. ವಿನೆಗರಿನ ಅಸಿಟಿಕ್ ಆಮ್ಲದಲ್ಲಿ ಇನ್ನೂ ಕಡಿಮೆ ಒಡೆದು 2.9. ಆದರೆ ಅಂಗಡಿಯಲ್ಲಿ ಸಿಗುವ ಫಾರ್ಮಿಕ್ ಆಸಿಡ್ ಸಾಮಾನ್ಯವಾಗಿ ಶೇಕಡಾ 85ರದು. ದುರ್ಬಲವಾದರೂ ಸಾರಯುಕ್ತ. ಅದು ಚರ್ಮವನ್ನು ಸುಟ್ಟೇ ಸುಡುತ್ತದೆ.

ರಬ್ಬರ್ ಹಾಲಿನ ಕಣಗಳು ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತಿರುವುದರಿಂದ ಹಾಲು ಹಾಲಾಗಿಯೇ ಇರುತ್ತದೆ. ಆಸಿಡ್ ಹಾಕಿದಾಗ ಪಿಎಚ್ ಇಳಿದು ಆ ವಿದ್ಯುದಂಶ ಕಳೆದುಹೋಗಿ ಕಣಗಳು ಕೂಡಿ ಹೆಪ್ಪುಗಟ್ಟುತ್ತವೆ. ಹಾಲು ಕೆಡದಂತೆ ಅಮೋನಿಯ ಹಾಕುವುದು ಇದರ ಉಲ್ಟಾ ಕೆಲಸ.

ತೆಳು ಮಾಡುವ ಲೆಕ್ಕದಲ್ಲಿ ಒಂದು ಎಚ್ಚರ. ಶೇಕಡಾ 85 ಎನ್ನುವುದು ತೂಕದಿಂದ ತೂಕಕ್ಕೆ. ಈ ಆಸಿಡ್ ಲೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ. ಆದ್ದರಿಂದ 100 ಮಿಲಿಲೀಟರಿನಲ್ಲಿ ಇರುವುದು 85 ಗ್ರಾಂ ಅಲ್ಲ, ಸುಮಾರು 102 ಗ್ರಾಂ. ಶೇಕಡಾ 1ರ ದ್ರಾವಣ ಬೇಕಿದ್ದರೆ 100 ಮಿಲಿಲೀಟರನ್ನು ಒಟ್ಟು 10 ಲೀಟರಿಗೆ ಏರಿಸಬೇಕು. ನೀರಿಗೆ ಆಸಿಡ್ ಹೊಯ್ಯಬೇಕು, ಆಸಿಡಿಗೆ ನೀರು ಹೊಯ್ಯಬಾರದು. ಸಲ್ಫ್ಯೂರಿಕ್ ಆಮ್ಲದ ವಿಷಯದಲ್ಲಂತೂ ಈ ಕ್ರಮ ತಪ್ಪಿದರೆ ನೀರು ಕ್ಷಣದಲ್ಲಿ ಕುದಿದು ಮುಖಕ್ಕೆ ಎರಚುತ್ತದೆ.

ಮದ್ದು ಕಾಯಿಗೆ ಅಂಟಲೆಂದು ಹಾಕುವ ರಾಳವನ್ನು ಸೋಡದಲ್ಲಿ ಕುದಿಸುವುದೇಕೆ?

ರಾಳದಲ್ಲಿ ಇರುವುದು ನೀರಿನಲ್ಲಿ ಕರಗದ ಸಾವಯವ ಆಮ್ಲಗಳು. ವಾಷಿಂಗ್ ಸೋಡದ ಕ್ಷಾರದಲ್ಲಿ ಕುದಿಸಿದಾಗ ಅವು ಕರಗುವ ಲವಣಗಳಾಗುತ್ತವೆ. ಅದು ಒಂದು ಬಗೆಯ ಸಾಬೂನೇ.

ನಮ್ಮ ಬಾವಿಯ, ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರು ಆಮ್ಲೀಯ ಎನ್ನುತ್ತಾರೆ. ಮದ್ದಿಗೆ ತೊಂದರೆಯೇ? ಮಣ್ಣಿಗೆ?

ಮಳೆನೀರೇ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಪಿಎಚ್ 5.6ರ ಹತ್ತಿರ ಇರುತ್ತದೆ. ಸುಣ್ಣಕಲ್ಲಿರುವ ನೆಲವಾದರೆ ಅದು ದಾರಿಯಲ್ಲೇ ತಟಸ್ಥವಾಗುತ್ತಿತ್ತು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಗಳಲ್ಲಿ ಹಾಗೆ ತಟಸ್ಥಗೊಳಿಸುವ ಪದಾರ್ಥವೇ ಕಡಿಮೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 6.5ರಿಂದ 8.5. ಇದಕ್ಕಿಂತ ಕಡಿಮೆಯಾದ ನೀರು ಕಬ್ಬಿಣದ ಪೈಪನ್ನು ಬೇಗ ತಿನ್ನುತ್ತದೆ. ಬೋರ್ಡೋ ತಯಾರಿಗೆ ಮಾತ್ರ ಇದರಿಂದ ಏನೂ ಆಗದು, ಏಕೆಂದರೆ ಅಂಥ ನೀರಿನಲ್ಲಿರುವ ಆಮ್ಲ ಒಂದು ಕಿಲೋ ಸುಣ್ಣದ ಎದುರು ಲೆಕ್ಕಕ್ಕೇ ಬಾರದಷ್ಟು ಅಲ್ಪ.

ಮಣ್ಣಿನ ಕಥೆ ಬೇರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದು ಒಯ್ದು, ಜೇಡಿ ಕಣಗಳ ಮೇಲೆ ಅಲ್ಯೂಮಿನಿಯಂ ಮತ್ತು ಹೈಡ್ರೋಜನ್ ಉಳಿಸುತ್ತದೆ. ಮಣ್ಣಿನ ನೀರಿನಲ್ಲಿ ಕಾಣುವ ಆಮ್ಲ ಸ್ವಲ್ಪ, ಕಣಗಳಿಗೆ ಅಂಟಿ ಕುಳಿತಿರುವ ಆಮ್ಲ ಬಹಳ. ಆದ್ದರಿಂದಲೇ ಒಂದೇ ಪಿಎಚ್ ತೋರಿಸುವ ಎರಡು ತೋಟಗಳಿಗೆ ಬೇಕಾದ ಸುಣ್ಣ ಒಂದೇ ಆಗಿರದು. ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಬೇಕು. ಅಮೋನಿಯಂ ಸಲ್ಫೇಟಿನಂಥ ಗೊಬ್ಬರವನ್ನು ಸುಣ್ಣದೊಂದಿಗೆ ಒಟ್ಟಿಗೆ ಹಾಕಬಾರದು. ಪ್ರತ್ಯಾಮ್ಲ ತಾಗಿದೊಡನೆ ಅಮೋನಿಯ ಅನಿಲ ಹೊರಟು, ಮೂಗಿಗೆ ಘಾಟು ಹೊಡೆದಷ್ಟೂ ಸಾರಜನಕ ಗಾಳಿಪಾಲು.

ಆಸಿಡ್ ಮೈಗೆ ಬಿದ್ದರೆ ಸುಣ್ಣ ಹಚ್ಚಬಹುದೇ? ಸುಣ್ಣ ಕಣ್ಣಿಗೆ ಬಿದ್ದರೆ ಲಿಂಬೆರಸ?

ಎರಡೂ ಬೇಡವೇ ಬೇಡ. ತಟಸ್ಥೀಕರಣದಲ್ಲಿ ಶಾಖ ಹುಟ್ಟುತ್ತದೆ, ಸುಟ್ಟ ಗಾಯದ ಮೇಲೆ ಇನ್ನೊಂದು ಸುಡುವ ಪದಾರ್ಥ ಹಾಕಿದಂತೆಯೂ ಆಗುತ್ತದೆ. ಹರಿಯುವ ನೀರಿನಲ್ಲಿ ಕನಿಷ್ಠ 15–20 ನಿಮಿಷ ತೊಳೆಯುತ್ತಲೇ ಇರಬೇಕು. ಸುಣ್ಣದ ಪುಡಿಯಾದರೆ ಮೊದಲು ಒಣಗಿದ್ದನ್ನು ಕೊಡವಿ ಬಳಿಕ ತೊಳೆಯಬೇಕು. ಕಣ್ಣಿಗೆ ಸುಣ್ಣ ಬಿದ್ದುದು ಆಸಿಡ್ ಬಿದ್ದುದಕ್ಕಿಂತ ಅಪಾಯಕರ. ಕ್ಷಾರ ಒಳಪದರಗಳಿಗೂ ಇಳಿಯುತ್ತದೆ. ತೊಳೆದ ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಸಂಜೆ ಉಳಿದ ಮದ್ದನ್ನು ಮರುದಿನ ಬಳಸಬಹುದೇ?

ಬಳಸಬಾರದು. ಹೊತ್ತು ಕಳೆದಂತೆ ನುಣುಪು ಕಣಗಳು ಕೂಡಿ ದೊಡ್ಡ ಹರಳುಗಳಾಗುತ್ತವೆ. ಪಿಎಚ್, ಸಾರತೆ ಎರಡೂ ಮೊದಲಿನಷ್ಟೇ ಇದ್ದರೂ ಕಾಯಿಗೆ ಅಂಟುವ ಗುಣ ಹೋಗಿರುತ್ತದೆ. ಮೈಲುತುತ್ತಿನ ನೀರನ್ನೂ ಸುಣ್ಣದ ಹಾಲನ್ನೂ ಬೆರೆಸದೆ ಬೇರೆ ಬೇರೆಯಾಗಿ ಮುಚ್ಚಿಟ್ಟರೆ ಮರುದಿನಕ್ಕೆ ಒದಗುತ್ತವೆ. ಮಳೆ ಬರುವ ಲಕ್ಷಣವಿದ್ದ ದಿನ ಹಾಗೆ ಮಾಡುವುದೇ ಜಾಣತನ. ಬೆರೆಸಿ ಉಳಿದದ್ದನ್ನೂ ಡ್ರಮ್ ತೊಳೆದ ನೀರನ್ನೂ ತೋಡಿಗೆ ಬಿಡಬಾರದು. ಕರಗಿದ ತಾಮ್ರ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆಯಿದ್ದರೂ ಹಲವು ಜಾತಿಯ ಮೀನುಗಳಿಗೆ ವಿಷ, ಅದರಲ್ಲೂ ನಮ್ಮ ತೋಡುಗಳ ಮೆದು ನೀರಿನಲ್ಲಿ ಅದರ ವಿಷ ಇನ್ನಷ್ಟು ಹೆಚ್ಚು. ಬಾವಿಯಿಂದ, ತೋಡಿನಿಂದ ದೂರದ ಒಣ ಜಾಗದಲ್ಲಿ, ಒಂದೇ ಕಡೆ ಸುರಿಯದೆ ತೆಳುವಾಗಿ ಹರಡಿ ಚೆಲ್ಲಬೇಕು.